ಬೆಂಗಳೂರು ದಂಡಿನ ಬೀರೂ ಕೂಲಿಯವರ ಚರಿತ್ರೆಯೂ

೧. ವಿಷಯಪ್ರವೇಶ

ಬೆಂಗಳೂರಿನ ಪೂರ್ವಭಾಗದ ಇಂದಿರಾನಗರದಲ್ಲಿ ೨೦೧೦ನೆಯ ಇಸವಿಯಿಂದೀಚೆಗೆ, ಗಿರಾಕಿಗಳ ಕಣ್ಣೆದುರಿಗೇ ಬೀರನ್ನು ತಯಾರಿಸಿ ಅಲ್ಲಿಯೇ ಮಾರತಕ್ಕ ಸಣ್ಣ ಬ್ರೂವರಿಗಳು ಏರ್ಪಟ್ಟಿರುವುದು ವಾಚಕರಲ್ಲಿ ಅನೇಕರಿಗೆ ತಿಳಿದ ವಿಷಯವೇ ಆಗಿದೆ. ಇಂಥ ಸ್ಥಳಗಳಲ್ಲಿ ಬೀರಿನ ಬಗೆಗಳಿಗೆ ಹಾಕುವ ಹೆಸರುಗಳನ್ನು ಶಬ್ದಚರಿತ್ರೆಯ ದೃಷ್ಟಿಯಿಂದ ನೋಡಿದರೆ ಒಂದು ವಿಶೇಷವು ಕಂಡುಬರುತ್ತದೆ. ಪೇಲ್ ಏಲ್ ಎಂಬುದು ಬಣ್ಣದಿಂದ ಬಂದ ಹೆಸರು. ಸ್ಟೌಟ್ ಎಂಬುದು ಕಸುವಿನಿಂದ ಬಂದದ್ದು. ಪಿಲ್ಸನರ್ ಎಂಬುದು ಬೊಹೀಮಿಯದ ಪಿಲ್ಸೆನ್ ಪಟ್ಟಣದಿಂದ ಬಂದದ್ದು. ಪೋರ್ಟರ್ ಎಂಬ ಹೆಸರು ಮಾತ್ರ ಇವುಗಳಿಂದ ಬೇರೆಯಾಗಿ ನಿಲ್ಲುತ್ತದೆ. ಅದು ಮನುಷ್ಯರಿಂದ, ಅದರಲ್ಲಿಯೂ ಹೊರೆಹೊತ್ತು ಹೊಟ್ಟೆಹೊರೆದುಕೊಳ್ಳುತ್ತಿದ್ದ ಮನುಷ್ಯರಿಂದ ಬಂದ ಹೆಸರಾಗಿದೆ.

ಹೀಗೆ ಲಂಡನ್ನಿನ ಹೊರೆಯಾಳುಗಳ ನೆನಪು ಒಂದು ಪಾನೀಯದ ಹೆಸರಾಗಿ ಮುನ್ನೂರು ವರ್ಷ ಬಾಳಿ ನಮ್ಮ ಊರಿನವರೆಗೂ ಬಂದಿದೆ. ಆದರೆ ಬೆಂಗಳೂರಿನ ದಂಡಿನಲ್ಲಿ ಬೀರಿನ ಉದ್ಯಮವು ನೂರಮೂವತ್ತು ವರ್ಷಗಳಿಗೂ ಹಳೆಯದು. ಅದನ್ನು ಕುದಿಸಿದವರು, ಪೀಪಾಯಿಗೆ ತುಂಬಿದವರು, ಗಾಡಿಗೇರಿಸಿದವರು ಇಲ್ಲಿಯವರೇ. ಅವರ ನೆನಪು ಯಾವ ಹೆಸರಿನಲ್ಲಿ ಉಳಿದಿದೆ? ಉಳಿಯದಿದ್ದ ಪಕ್ಷದಲ್ಲಿ, ಈಗ ಯಾರಾದರೂ ಶ್ರಮದ ಚರಿತ್ರೆಯಿಂದ ಒಂದು ಬೀರಿಗೆ ಹೆಸರನ್ನು ತೆಗೆದುಕೊಳ್ಳಬೇಕೆಂದರೆ ಯಾವ ಆಧಾರದ ಮೇಲೆ ತೆಗೆದುಕೊಳ್ಳತಕ್ಕದ್ದು? ಇವೆರಡು ಪ್ರಶ್ನೆಗಳನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವಾಗಿದೆ.

೨. ಪೋರ್ಟರ್, ಕೂಲಿ, ಮೋಳಿಗೆ

ಪೋರ್ಟರ್ ಎಂಬ ಕಪ್ಪುಛಾಯೆಯ ಬೀರು ೧೮ನೆಯ ಶತಮಾನದ ಮೊದಲ ಭಾಗದಲ್ಲಿ ಲಂಡನ್ನಿನಲ್ಲಿ ರೂಢಿಗೆ ಬಂದಿತು. ಆ ನಗರದ ಬೀದಿಗಳಲ್ಲಿ ಮೂಟೆಗಳನ್ನು ಸಾಗಿಸುತ್ತಿದ್ದವರೂ, ಥೇಮ್ಸ್ ನದಿಯ ಹಡಗುಗಳಿಂದ ಧಾನ್ಯ ಕಲ್ಲಿದ್ದಲುಗಳನ್ನು ಇಳಿಸುತ್ತಿದ್ದವರೂ ಅದನ್ನು ಹೆಚ್ಚಾಗಿ ಕುಡಿಯುತ್ತಿದ್ದುದರಿಂದ ಅವರ ಕಸಬಿನ ಹೆಸರೇ ಬೀರಿಗೂ ಅಂಟಿಕೊಂಡಿತು. ೧೭೨೨ರಲ್ಲಿ ರಾಲ್ಫ್ ಹಾರ್‌ವುಡ್ ಎಂಬ ಬ್ರೂವರಿಯವನು ಇದನ್ನು ಕಂಡುಹಿಡಿದನೆಂದು ಒಂದು ಕಥೆಯುಂಟು. ಆದರೆ ಈ ಕಥೆಗೆ ರೂಢಿಯನ್ನು ತಂದುಕೊಟ್ಟ ಬರಹವು ಆತನ ಕಾಲಕ್ಕೆ ಸುಮಾರು ಎಂಭತ್ತು ವರ್ಷ ಈಚಿನದು. ಬೀರಿನ ಚರಿತ್ರೆಯನ್ನು ಶೋಧಿಸಿದ ಈಚಿನ ವಿದ್ವಾಂಸರು ಅದನ್ನು ನಂಬುವುದಿಲ್ಲ. ಅನೇಕರ ಕೈಯಿಂದ ಮೆಲ್ಲಮೆಲ್ಲನೆ ರೂಪುಗೊಂಡ ವಸ್ತುವಿಗೆ ಒಬ್ಬ ಮೂಲಪುರುಷನನ್ನು ಹುಡುಕುವ ಚಾಪಲ್ಯವು ಎಲ್ಲ ದೇಶಗಳಲ್ಲಿಯೂ ಒಂದೇ. ನಮ್ಮಲ್ಲಿ ಹೊಯ್ಸಳ ದೇವಾಲಯಗಳೆಲ್ಲವನ್ನೂ ಜಕಣಾಚಾರಿಯ ಲೆಕ್ಕಕ್ಕೆ ಬರೆದಂತೆ ಇದೂ ಆಗಿದೆ. ಅಲ್ಲಿಯ ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮನೂ ಬಳ್ಳಿಗಾವೆಯ ದಾಸೋಜನೂ ತಮ್ಮ ಹೆಸರುಗಳನ್ನು ತಾವೇ ಕೆತ್ತಿಕೊಂಡಿದ್ದರಿಂದ ಸತ್ಯವು ಉಳಿಯಿತು. ಪೀಪಾಯಿಯನ್ನು ಹೊತ್ತವನಿಗೆ ಆ ಅನುಕೂಲವಿರಲಿಲ್ಲ.

ಪೋರ್ಟರ್ ಎಂಬ ಶಬ್ದಕ್ಕೆ ಹೊರು ಎಂಬರ್ಥದ ಲ್ಯಾಟಿನ್ ಧಾತುವು ಮೂಲ. ಇದಕ್ಕೆ ಸರಿಯಾಗಿ ದಂಡಿನ ಇಂಗ್ಲಿಷರು ಬಳಸುತ್ತಿದ್ದ ಶಬ್ದವು 'ಕೂಲಿ' ಎಂಬುದು. ಇಂಗ್ಲಿಷಿನ ಈ ಶಬ್ದದ ಮೂಲದ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿವೆ. ಗುಜರಾತಿನ ಕೋಳಿ ಜನಾಂಗದ ಹೆಸರಿನಿಂದ ಬಂದಿತೆಂದು ಕೆಲವರೂ, ದ್ರಾವಿಡ ಭಾಷೆಗಳ ಕೂಲಿ ಶಬ್ದದಿಂದ ಬಂದಿತೆಂದು ಕೆಲವರೂ ಹೇಳುತ್ತಾರೆ. ಮೂಲವು ಯಾವುದಾದರೂ ಆಗಲಿ, ಕನ್ನಡ ತಮಿಳುಗಳಲ್ಲಿ ಕೂಲಿಯೆಂದರೆ ದುಡಿತಕ್ಕೆ ಸಲ್ಲುವ ಪ್ರತಿಫಲ. ಇಂಗ್ಲಿಷಿನಲ್ಲಿ ಕೂಲಿಯೆಂದರೆ ದುಡಿಯುವ ಆಳು. ನಮ್ಮ ಭಾಷೆಯಲ್ಲಿ ಮನುಷ್ಯನು ಪಡೆಯತಕ್ಕ ವಸ್ತುವಾಗಿದ್ದದ್ದು ದಂಡಿನ ಭಾಷೆಯಲ್ಲಿ ಆ ಮನುಷ್ಯನೇ ಆಗಿಬಿಟ್ಟಿತು. ಆಮೇಲೆ ಅದೇ ಅರ್ಥವು ಹಿಂದಿರುಗಿ ನಮ್ಮ ಮಾತಿಗೂ ಬಂದು ಸೇರಿತು. ರೈಲ್ವೆ ನಿಲ್ದಾಣದಲ್ಲಿ ನಾವು 'ಕೂಲಿ!' ಎಂದು ಕೂಗುವಾಗ ಕರೆಯುತ್ತಿರುವುದು ಆಳನ್ನು, ಉಚ್ಚರಿಸುತ್ತಿರುವುದು ನಾವು ಅವನಿಗೆ ಕೊಡಬೇಕಾದ ಋಣವನ್ನು.

ಹೊರೆ ಹೊರುವವನ ಹೆಸರು ಗೌರವದ ಹೆಸರಾದ ಉದಾಹರಣೆಯು ಕನ್ನಡದಲ್ಲಿ ಲಂಡನ್ನಿಗಿಂತ ಆರುನೂರು ವರ್ಷ ಹಿಂದೆಯೇ ಇದೆ. ಕಟ್ಟಿಗೆಯ ಹೊರೆಗೆ ಮೋಳಿಗೆಯೆಂದು ಹೆಸರು. ಆ ಹೊರೆಯನ್ನು ಮಾರಿ ಜೀವಿಸುತ್ತಿದ್ದ ಶರಣನು ೧೨ನೆಯ ಶತಮಾನದಲ್ಲಿ ಮೋಳಿಗೆ ಮಾರಯ್ಯನೆನಿಸಿಕೊಂಡನು. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಕಡೆಗೆ ಹೆಂಡವನ್ನು ಮಾರುತ್ತಿದ್ದ ಹೆಂಡದ ಮಾರಯ್ಯನವರೆಗೆ, ಕಾಯಕವೇ ಅವರ ಹೆಸರಿನ ಮೊದಲ ಪದವಾಗಿದೆ. ಕಸಬಿನಿಂದ ಹೆಸರಿಡುವ ಸಂಪ್ರದಾಯವನ್ನು ನಾವು ಹೊರಗಿನಿಂದ ಎರವಲು ತರಬೇಕಾಗಿಲ್ಲವೆಂಬುದಕ್ಕೆ ಇಷ್ಟೇ ಸಾಕು.

೩. ದಂಡೂ ಬೀರೂ

ಶ್ರೀರಂಗಪಟ್ಟಣದಲ್ಲಿದ್ದ ಇಂಗ್ಲಿಷ್ ಸೈನ್ಯಕ್ಕೆ ಅಲ್ಲಿಯ ಹವೆಯು ಒಗ್ಗದೆ ಹೋದುದರಿಂದ, ೧೮೦೯ರಲ್ಲಿ ಹಲಸೂರಿನ ಬಳಿ ದಂಡು ನೆಲೆಯೂರಿತು. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದ ಈ ಬಯಲಿನಲ್ಲಿ ಬೇಸಗೆಯು ಮೈದಾನದ ಸೀಮೆಗಳಷ್ಟು ಕಠಿಣವಾಗಿರಲಿಲ್ಲ. ಸೈನ್ಯದ ಹಿಂದೆಯೇ ತಮಿಳು, ತೆಲುಗು, ದಖನಿ ಮಾತನಾಡುವ ವರ್ತಕರೂ, ಕೂಲಿಯವರೂ, ಮನೆಯಾಳುಗಳೂ ಬಂದು, ಹಲಸೂರಿನಲ್ಲಿಯೂ ಈಗ ಶಿವಾಜಿನಗರವೆನಿಸಿರುವ ಬಡಾವಣೆಯಲ್ಲಿಯೂ ನೆಲೆಸಿದರು. ೧೮೬೪ರಲ್ಲಿ ಮದರಾಸಿನ ಕಡೆಯಿಂದ ರೈಲುದಾರಿಯು ದಂಡಿನ ನಿಲ್ದಾಣವನ್ನು ಮುಟ್ಟಿತು. ೧೮೮೧ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಹಿಂದಿರುಗಿದಾಗಲೂ ದಂಡು ಮಾತ್ರ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ರೆಸಿಡೆಂಟರ ಆಡಳಿತದಲ್ಲಿಯೇ ಉಳಿದು, ೧೯೪೭ರಲ್ಲಿ ಸಂಸ್ಥಾನಕ್ಕೆ ಸೇರಿತು.

ಇಂಡಿಯಾದ ದಂಡುಗಳಲ್ಲಿ ಯಾರು ಯಾವ ಬೀರನ್ನು ಕುಡಿಯುತ್ತಿದ್ದರೆಂಬುದರಲ್ಲಿಯೂ ಅಂತಸ್ತಿನ ಭೇದವಿತ್ತು. ಹಡಗಿನಲ್ಲಿ ಬರುತ್ತಿದ್ದ ತಿಳಿಬಣ್ಣದ ಪೇಲ್ ಏಲ್ ಮುಖ್ಯವಾಗಿ ಅಧಿಕಾರಿಗಳ ಮತ್ತು ದೊರೆಗಳ ಮೇಜಿಗೆ ಸಲ್ಲುತ್ತಿತ್ತು. ಸಾಮಾನ್ಯ ಸಿಪಾಯಿಯಾದ ಬಿಳಿಯನ ಪಾಲಿಗೆ ಪೋರ್ಟರೇ ಹೆಚ್ಚಾಗಿ ಬರುತ್ತಿತ್ತು. ಇಂದು ಇಂಡಿಯಾ ಪೇಲ್ ಏಲ್ ಎಂಬ ಹೆಸರು ಲೋಕಪ್ರಸಿದ್ಧವಾಗಿದೆ. ಇಂಡಿಯಾಕ್ಕೆ ಬಂದ ಪೋರ್ಟರಿನ ಸಂಗತಿಯನ್ನು ಬಲ್ಲವರು ಸ್ವಲ್ಪ ಜನ. ಕೆಳಗಿನವರ ಪಾನವೂ ಕೆಳಗಿನವರಂತೆಯೇ ಚರಿತ್ರೆಯಿಂದ ಜಾರಿಹೋಯಿತು.

ಬೀರನ್ನು ಇಲ್ಲಿಯೇ ತಯಾರಿಸುವ ಉದ್ಯಮವು ಮುಂದೆ ಬೆಳೆಯಿತು. ೧೮೮೫ರಲ್ಲಿ ಬೆಂಗಳೂರು ಬ್ರೂಯಿಂಗ್ ಕಂಪೆನಿಯು ಸ್ಥಾಪಿತವಾಯಿತು. ೧೯೧೫ರಲ್ಲಿ ಸ್ಕಾಟ್ಲೆಂಡಿನ ತಾಮಸ್ ಲೀಷ್‌ಮನ್ ಎಂಬಾತನು ಇದನ್ನೂ, ೧೮೫೭ರಷ್ಟು ಹಳೆಯದಾದ ಕ್ಯಾಸಲ್ ಬ್ರೂವರಿ ಮೊದಲಾದ ದಕ್ಷಿಣದ ಬೇರೆ ನಾಲ್ಕು ಬ್ರೂವರಿಗಳನ್ನೂ ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಎಂಬ ಸಂಸ್ಥೆಯನ್ನು ಕಟ್ಟಿದನು. ೧೯೪೭ರಲ್ಲಿ ವಿಠಲ ಮಲ್ಯರು ಅದರ ಮೊದಲನೆಯ ಭಾರತೀಯ ನಿರ್ದೇಶಕರಾದರು. ಬ್ರೂವರಿಯಿದ್ದ ಗ್ರಾಂಟ್ ರಸ್ತೆಗೆ ಅವರ ಹೆಸರೇ ಬಂದಿದೆ; ಆ ನೆಲದಲ್ಲಿ ಈಗ ಯು.ಬಿ. ಸಿಟಿಯ ಸೌಧಗಳು ನಿಂತಿವೆ. ೨೦೨೧ರಲ್ಲಿ ಸಂಸ್ಥೆಯ ಹತೋಟಿಯು ಹಾಲೆಂಡಿನ ಹೈನೆಕೆನ್ ಕಂಪೆನಿಗೆ ಸೇರಿತು. ಒಡೆತನದ ಚರಿತ್ರೆಯು ಹೀಗೆ ಇಸವಿ ಇಸವಿಗೂ ನಿಖರವಾಗಿ ದೊರೆಯುತ್ತದೆ.

೪. ಲೆಕ್ಕದ ಪುಸ್ತಕದಲ್ಲಿರುವುದೂ ಇಲ್ಲದಿರುವುದೂ

ದಂಡಿನ ಲೆಕ್ಕಪತ್ರಗಳು ಯಾವುದನ್ನು ಉಳಿಸಿವೆಯೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ೧೮೬೮ರಲ್ಲಿ ಸ್ಥಾಪಿತವಾದ ಬೆಂಗಳೂರು ಕ್ಲಬ್ಬಿನಲ್ಲಿ, ೧೮೯೯ರ ಜೂನ್ ತಿಂಗಳ ಬಾಕಿದಾರರ ಪಟ್ಟಿಯಲ್ಲಿ, ಹುಸಾರ್ ದಳದ ಯುವ ಅಧಿಕಾರಿಯಾಗಿ ಇಲ್ಲಿದ್ದ ವಿನ್‌ಸ್ಟನ್ ಚರ್ಚಿಲ್ಲನ ಹೆಸರು ೧೩ ರೂಪಾಯಿಯ ಬಾಕಿಗೆ ಎದುರಾಗಿ ಬರೆದಿದೆ. ಆ ಪುಟವನ್ನು ಕ್ಲಬ್ಬಿನವರು ಜೋಪಾನವಾಗಿಟ್ಟು ಬಂದವರಿಗೆ ತೋರಿಸುತ್ತಾರೆ. ದೊಡ್ಡವನಾಗಲಿದ್ದವನು ಕೊಡದೆ ಹೋದ ಹದಿಮೂರು ರೂಪಾಯಿ ನೂರಿಪ್ಪತ್ತೈದು ವರ್ಷಗಳ ಮೇಲೂ ಕಥೆಯಾಗಿ ಉಳಿದಿದೆ. ಅದೇ ವರ್ಷಗಳಲ್ಲಿ ಅದೇ ದಂಡಿನಲ್ಲಿ ಪೀಪಾಯಿ ಉರುಳಿಸಿದವರ ಹೆಸರನ್ನು ಹೀಗೆ ಗಾಜಿನ ಹಿಂದೆ ಇಟ್ಟು ತೋರಿಸುವವರು ಯಾರೂ ಇಲ್ಲ.

ಹೆಸರು ದೊರೆಯದಿದ್ದರೂ ಅವರ ದುಡಿಮೆಯ ಪ್ರಮಾಣವನ್ನು ವಸ್ತುಗಳಿಂದಲೇ ಊಹಿಸಬಹುದು. ಯುನೈಟೆಡ್ ಬ್ರೂವರೀಸಿನ ಆರಂಭಕಾಲದಲ್ಲಿ ಬೀರನ್ನು ಹಾಗ್ಸ್‌ಹೆಡ್ ಎಂಬ ದೊಡ್ಡ ಮರದ ಪೀಪಾಯಿಗಳಲ್ಲಿ ತುಂಬಿ ಎತ್ತಿನ ಗಾಡಿಗಳ ಮೇಲೆ ಸೈನ್ಯಕ್ಕೆ ಸಾಗಿಸುತ್ತಿದ್ದರೆಂದು ಆ ಸಂಸ್ಥೆಯ ವೃತ್ತಾಂತದಲ್ಲಿ ಹೇಳಿದೆ. ಇಂಗ್ಲಿಷ್ ಅಳತೆಯ ಬೀರಿನ ಹಾಗ್ಸ್‌ಹೆಡ್ಡಿಗೆ ೫೪ ಗ್ಯಾಲನ್ ಹಿಡಿಯುತ್ತದೆ. ಎಂದರೆ ಸುಮಾರು ೨೪೫ ಲೀಟರು. ಬೀರಿನ ತೂಕವು ನೀರಿನ ತೂಕಕ್ಕೆ ಹೆಚ್ಚುಕಡಮೆ ಸಮನಾದುದರಿಂದ ಒಳಗಿನ ಬೀರೇ ೨೪೫ ಕಿಲೋಗ್ರಾಮಿಗೆ ಕಡಮೆಯಾಗದು. ಇದಕ್ಕೆ ದಪ್ಪ ಹಲಗೆಯ ಮತ್ತು ಕಬ್ಬಿಣದ ಪಟ್ಟಿಗಳ ಭಾರವು ಬೇರೆ. ನಾಲ್ವರು ಬಲಿಷ್ಠರಿಗೂ ಹೆಗಲಮೇಲೆ ಎತ್ತುವುದು ಕಷ್ಟವಾದ ಈ ವಸ್ತುವನ್ನು ಓರೆಹಲಗೆಯ ಮೇಲೆ ಹಗ್ಗದಿಂದ ತಡೆದು ಉರುಳಿಸಬೇಕು. ಹಗ್ಗ ಜಾರಿದರೆ ಕೆಳಗೆ ನಿಂತವನ ಕಾಲು ಹೋಯಿತು.

ಕೆಲಸವು ಇಷ್ಟಕ್ಕೇ ಮುಗಿಯತಕ್ಕದ್ದಲ್ಲ. ಜವೆಗೋಧಿಯನ್ನು ನೆನಸಿ, ಮೊಳೆಯಿಸಿ, ಮೊಳಕೆಯು ಹದಕ್ಕೆ ಬಂದೊಡನೆ ಬಿಸಿಯಿಂದ ಒಣಗಿಸಬೇಕು. ಅದನ್ನು ನುಚ್ಚುಮಾಡಿ ಬಿಸಿನೀರಿನಲ್ಲಿ ಕಲಸಿ, ಸಿಹಿಯಾದ ರಸವನ್ನು ಬಸಿದು, ಹಾಪ್ಸ್ ಎಂಬ ಕಹಿಹೂವನ್ನು ಹಾಕಿ ಗಂಟೆಗಟ್ಟಲೆ ಕುದಿಸಿ, ಆರಿಸಿ, ಹುದುಗನ್ನು ಬೆರಸಬೇಕು. ಒಂದೊಂದು ಸಲವೂ ಕೊಪ್ಪರಿಗೆಗಳನ್ನು ಉಜ್ಜಿ ತೊಳೆಯದಿದ್ದರೆ ಮುಂದಿನ ಬೀರು ಹುಳಿತುಹೋಗುವುದು. ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಕಿಣ್ವವನ್ನು ಸೇರಿಸುವ ಪ್ರಮಾಣಗಳೂ, ಮೇದಕ ಪ್ರಸನ್ನಾದಿ ಭೇದಗಳೂ, ಮಾರಾಟದ ಕಟ್ಟುಪಾಡುಗಳೂ ವಿವರವಾಗಿ ಬಂದಿವೆ. ಮದ್ಯವು ರಾಜ್ಯಕ್ಕೆ ಆದಾಯವೆಂಬ ತಿಳಿವಳಿಕೆಯು ಎಷ್ಟು ಪ್ರಾಚೀನವೋ, ಅದನ್ನು ತಯಾರಿಸಿದ ಕೈಗಳನ್ನು ಮರೆಯುವ ಅಭ್ಯಾಸವೂ ಅಷ್ಟೇ ಪ್ರಾಚೀನವೆಂದು ತೋರುತ್ತದೆ.

೫. ಪೂರ್ವದಿಕ್ಕಿನ ಕಾರ್ಖಾನೆಗಳು

ದಂಡಿನ ಕಾಲದ ಶ್ರಮಿಕನು ಹೆಸರಿಲ್ಲದವನಾದರೆ, ಅವನ ಮುಂದಿನ ಪೀಳಿಗೆಯು ಅದೇ ಪೂರ್ವದಿಕ್ಕಿನಲ್ಲಿ ತನ್ನ ಗುರುತನ್ನು ಊರಿನ ನಕ್ಷೆಯ ಮೇಲೆಯೇ ಬಿಟ್ಟಿದೆ. ೧೯೪೦ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ೧೯೪೮ರಲ್ಲಿ ಕೃಷ್ಣರಾಜಪುರದ ಬಳಿ ಟೆಲಿಫೋನ್ ಕಾರ್ಖಾನೆಯು ಏರ್ಪಟ್ಟಿತು. ೧೯೫೬ರಲ್ಲಿ ಸ್ಥಾಪಿತವಾದ ಎನ್.ಜಿ.ಇ.ಎಫ್. ಎಂಬ ವಿದ್ಯುದ್ಯಂತ್ರಗಳ ಕಾರ್ಖಾನೆಯು ಬೈಯಪ್ಪನಹಳ್ಳಿಯಲ್ಲಿ ಬೆಳೆದು, ೨೦೦೨ರಲ್ಲಿ ಮುಚ್ಚಿಹೋಯಿತು.

ಸ್ಥಳನಾಮಗಳನ್ನು ಹೋಲಿಸಿದರೆ ಎರಡು ಯುಗಗಳ ಭೇದವು ಸ್ಪಷ್ಟವಾಗುತ್ತದೆ. ೧೮೯೮ರ ಪ್ಲೇಗಿನ ತರುವಾಯ ದಂಡಿನಲ್ಲಿ ಕಟ್ಟಿದ ಫ್ರೇಜರ್ ಟೌನ್, ಕಾಕ್ಸ್ ಟೌನ್ ಮೊದಲಾದುವು ಅಧಿಕಾರಿಗಳ ಹೆಸರನ್ನು ಹೊತ್ತಿವೆ. ಟೆಲಿಫೋನ್ ಕಾರ್ಖಾನೆಯ ನೌಕರರ ಊರಾದರೋ ದೂರವಾಣಿನಗರವೆನಿಸಿತು. ಅವರು ತಯಾರಿಸುತ್ತಿದ್ದ ವಸ್ತುವಿನ ಹೆಸರು, ಅದೂ ಕನ್ನಡ ರೂಪದಲ್ಲಿ, ಅವರ ವಾಸಸ್ಥಳಕ್ಕೆ ಸಂದಿತು. ಇಂದಿರಾನಗರದ ಒಂದು ಭಾಗಕ್ಕೆ ಈಗಲೂ 'ಎಚ್.ಎ.ಎಲ್. ಎರಡನೆಯ ಹಂತ' ಎಂಬ ಹೆಸರು ನಡೆಯುತ್ತಿದೆ. ಅಲ್ಲಿಯ ಬ್ರೂವರಿಗಳಿಗೆ ಸಾಯಂಕಾಲ ಬಂದು ಕುಳಿತುಕೊಳ್ಳುವ ತರುಣರು ವಿಮಾನ ಕಾರ್ಖಾನೆಯ ಹೆಸರಿನ ನೆರಳಿನಲ್ಲಿಯೇ ಕುಳಿತಿರುತ್ತಾರೆಂಬುದನ್ನು ಅವರಿಗೆ ಯಾರೂ ಹೇಳಿರಲಾರರು.

ಈ ಕಾರ್ಖಾನೆಗಳ ಚರಿತ್ರೆಯಲ್ಲಿ ಮುಖ್ಯವಾದ ಘಟನೆಯು ೧೯೮೦ರ ಡಿಸೆಂಬರಿನ ಕೊನೆಯಲ್ಲಿ ಆರಂಭವಾಗಿ ೧೯೮೧ರ ಮಾರ್ಚಿಯವರೆಗೆ ನಡೆದ ೭೭ ದಿನಗಳ ಮುಷ್ಕರ. ವಿಮಾನ, ಟೆಲಿಫೋನ್, ಗಡಿಯಾರ, ಎಲೆಕ್ಟ್ರಾನಿಕ್ಸ್, ಮಣ್ಣೆತ್ತುವ ಯಂತ್ರ, ಈ ಎಲ್ಲ ಸರ್ಕಾರೀ ಕಾರ್ಖಾನೆಗಳ ಒಂದು ಲಕ್ಷಕ್ಕೂ ಮೀರಿದ ಕಾರ್ಮಿಕರು ಇದರಲ್ಲಿ ಸೇರಿದ್ದರು. ಬಿ.ಎಚ್.ಇ.ಎಲ್. ನೌಕರರ ಸಂಬಳಕ್ಕೆ ತಮ್ಮ ಸಂಬಳವೂ ಸಮನಾಗಬೇಕೆಂಬುದು ಅವರ ಮುಖ್ಯ ಬೇಡಿಕೆಯಾಗಿತ್ತು. ಬಯಸಿದ್ದು ದೊರೆಯದೆಯೇ ಅವರು ಕೆಲಸಕ್ಕೆ ಹಿಂದಿರುಗಬೇಕಾಯಿತು. ಎರಡೂವರೆ ತಿಂಗಳು ಸಂಬಳವಿಲ್ಲದೆ ಅಷ್ಟು ಸಂಸಾರಗಳು ಕಳೆದ ಕಾಲವು ಬೆಂಗಳೂರಿನ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಅದರ ಸ್ಮರಣೆಗೆ ಎಂ.ಜಿ. ರಸ್ತೆಯಲ್ಲಿಯೂ ನೂರಡಿ ರಸ್ತೆಯಲ್ಲಿಯೂ ಒಂದು ಫಲಕವಾದರೂ ಕಣ್ಣಿಗೆ ಬೀಳುವುದಿಲ್ಲ.

೬. ಶಿಕಾಗೋ ನಗರದ ನಿದರ್ಶನ

ಶ್ರಮದ ಚರಿತ್ರೆಯಿಂದ ಬೀರಿಗೆ ಹೆಸರಿಟ್ಟ ಪ್ರಯೋಗವು ಅಮೆರಿಕದಲ್ಲಿ ನಡೆದಿದೆ. ೧೮೮೬ರ ಮೇ ೪ರಂದು, ದಿನಕ್ಕೆ ಎಂಟು ಗಂಟೆಯ ದುಡಿತವನ್ನು ಬೇಡುತ್ತಿದ್ದ ಕಾರ್ಮಿಕರ ಸಭೆಯು ಶಿಕಾಗೋ ನಗರದ ಹೇಮಾರ್ಕೆಟ್ಟಿನಲ್ಲಿ ಕೂಡಿದ್ದಾಗ ಬಾಂಬೊಂದು ಸಿಡಿಯಿತು. ಮಥಯಸ್ ಡೀಗನ್ ಎಂಬ ಪೋಲೀಸಿನವನೂ ಇತರರೂ ಮಡಿದರು. ಬಾಂಬನ್ನು ಎಸೆದವರು ಯಾರೆಂಬುದು ಸ್ಥಾಪಿತವಾಗದಿದ್ದರೂ ೧೮೮೭ರ ನವೆಂಬರಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಸೆರೆಯಲ್ಲಿದ್ದ ಆಸ್ಕರ್ ನೀಬಿ ಮೊದಲಾದ ಮೂವರಿಗೆ ೧೮೯೩ರಲ್ಲಿ ರಾಜ್ಯಪಾಲನು ಕ್ಷಮಾದಾನವನ್ನಿತ್ತನು. ಮೇ ದಿನದ ಆಚರಣೆಗೆ ಇದೇ ಮೂಲ. ಇಂಡಿಯಾದಲ್ಲಿ ಅದನ್ನು ೧೯೨೩ರಲ್ಲಿ ಮದರಾಸಿನಲ್ಲಿ ಸಿಂಗಾರವೇಲರು ಆರಂಭಿಸಿದರು.

ಆ ಸ್ಥಳಕ್ಕೆ ಸಮೀಪದಲ್ಲಿ ೨೦೧೦ರಲ್ಲಿ, ಎಂದರೆ ಬೆಂಗಳೂರಿನ ಕಿರುಬ್ರೂವರಿಗಳು ತಲೆಯೆತ್ತಿದ ಕಾಲದಲ್ಲಿಯೇ, ಹೇಮಾರ್ಕೆಟ್ ಎಂಬ ಹೆಸರಿನ ಒಂದು ಬ್ರೂವರಿಯು ತೆರೆಯಿತು. ಅಲ್ಲಿಯ ಒಂದು ಬೀರಿಗೆ 'ಆಸ್ಕರನ ಕ್ಷಮಾದಾನ' ಎಂಬರ್ಥದ ಹೆಸರು. ಮತ್ತೊಂದಕ್ಕೆ ಮಡಿದ ಪೋಲೀಸಿನವನಾದ ಮಥಯಸನ ಹೆಸರು. ಬಿಡುಗಡೆಯಾದ ಶ್ರಮಜೀವಿಯೂ, ಅವನ ಎದುರುಪಕ್ಷದಲ್ಲಿ ನಿಂತು ಸತ್ತವನೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕದ ಪಾನೀಯಗಳಾದರು. ಇದನ್ನು ಇತ್ತಂಡಕ್ಕೂ ಸಂದ ಸಮದೃಷ್ಟಿಯೆಂದು ಹೊಗಳಬಹುದು. ನ್ಯಾಯಾನ್ಯಾಯಗಳ ವಿವೇಚನೆಯು ರುಚಿಯಲ್ಲಿ ಕರಗಿಹೋಯಿತೆಂದು ಆಕ್ಷೇಪಿಸಲೂಬಹುದು. ಆದರೆ ಒಂದು ಮಾತನ್ನು ಒಪ್ಪಬೇಕು. ಆಸ್ಕರನು ಯಾರೆಂದು ಕೇಳಿದವನಿಗೆ ಅಲ್ಲಿ ಉತ್ತರವು ದೊರೆಯುವುದು. ಏಕೆಂದರೆ ವಿಚಾರಣೆಯ ದಾಖಲೆಗಳೂ ಕ್ಷಮಾದಾನದ ಪತ್ರವೂ ಅಚ್ಚಾಗಿ ಉಳಿದಿವೆ. ಆ ಹೆಸರಿನ ಬೆನ್ನ ಹಿಂದೆ ಆಧಾರವಿದೆ.

೭. ಆಕ್ಷೇಪವೂ ಸಮಾಧಾನವೂ

ಇಲ್ಲಿ ಒಂದು ಗಂಭೀರವಾದ ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಕೂಲಿಯವನ ಮನೆಯನ್ನು ಹಾಳುಮಾಡಿದ್ದೇ ಕುಡಿತ. ಅವನ ಕೂಲಿಯು ಸಂಜೆಯೊಳಗೆ ಅಬಕಾರಿಯ ಹುಟ್ಟುವಳಿಯಾಗಿ ಸರ್ಕಾರದ ಬೊಕ್ಕಸಕ್ಕೆ ಹಿಂದಿರುಗುತ್ತಿತ್ತು. ಹೀಗಿರುವಲ್ಲಿ ಅವನ ನೆನಪನ್ನು ಮದ್ಯದ ಹೆಸರಿನಲ್ಲಿ ಇಡುವುದು ಗಾಯಕ್ಕೆ ಉಪ್ಪೆರಚಿದಂತಲ್ಲವೆ? ಈ ಮಾತಿನಲ್ಲಿ ಸತ್ಯವಿದೆ. ಪೋರ್ಟರಿನ ಊರಾದ ಲಂಡನ್ನಿನಲ್ಲಿಯೇ ೧೮೧೪ರ ಅಕ್ಟೋಬರಿನಲ್ಲಿ ಒಂದು ಬ್ರೂವರಿಯ ದೊಡ್ಡ ತೊಟ್ಟಿಯೊಡೆದು, ಪೋರ್ಟರಿನ ಪ್ರವಾಹವು ಪಕ್ಕದ ಬಡಕೇರಿಗೆ ನುಗ್ಗಿ, ಹೆಂಗಸರು ಮಕ್ಕಳೇ ಹೆಚ್ಚಾಗಿ ಎಂಟು ಜನ ಸತ್ತರು. ಬಡವರ ಹೆಸರನ್ನು ಪಡೆದ ಪಾನೀಯವು ಬಡವರನ್ನು ಉಳಿಸಲಿಲ್ಲ. ಆ ದೊಡ್ಡ ಕಂಪೆನಿಗಳ ಲಾಭವೂ ಹೊರೆಯಾಳಿಗೆ ಸೇರಲಿಲ್ಲ.

ಆದರೆ ಕುಡಿಯುವ ಬಡವನನ್ನು ಕುಡಿತದ ಮಾತ್ರದಿಂದಲೇ ತಳ್ಳಿಹಾಕಬಾರದೆಂಬುದನ್ನು ಕನ್ನಡ ಸಾಹಿತ್ಯವು ನಮಗೆ ಎರಡು ಸಲ ತೋರಿಸಿಕೊಟ್ಟಿದೆ. ಹೆಂಡದ ಮಾರಯ್ಯನ ವಚನಗಳಲ್ಲಿ ಹೆಂಡದಂಗಡಿಯ ಪರಿಭಾಷೆಯೇ ಅನುಭಾವದ ಮಾತಾಯಿತು. ಜಿ.ಪಿ. ರಾಜರತ್ನಂ ಅವರ ಎಂಡ್ಕುಡ್ಕ ರತ್ನನಲ್ಲಿ ಬಡವನ ಆಡುಮಾತೇ ಕಾವ್ಯದ ಭಾಷೆಯಾಯಿತು. ಅವರೀರ್ವರೂ ಕುಡಿತವನ್ನು ಮಾರುವ ಸಲುವಾಗಿ ಆ ಹೆಸರುಗಳನ್ನು ತಾಳಲಿಲ್ಲ. ಹೆಸರನ್ನು ತೆಗೆದುಕೊಂಡವನು ಆ ಜೀವನದ ಒಳಗಿನಿಂದ ಮಾತನಾಡುತ್ತಿದ್ದಾನೆಯೇ, ಅಥವಾ ಹೊರಗೆ ನಿಂತು ಅದನ್ನು ಅಲಂಕಾರವಾಗಿ ಉಪಯೋಗಿಸುತ್ತಿದ್ದಾನೆಯೇ ಎಂಬುದೇ ಇಲ್ಲಿ ಪರೀಕ್ಷಿಸತಕ್ಕ ವಿಷಯವು.

ಇದುವರೆಗಿನ ವಿಚಾರದಿಂದ, ಶ್ರಮದ ಚರಿತ್ರೆಯನ್ನು ಹೆಸರಾಗಿ ಬಳಸುವವರು ಮೂರು ನಿಬಂಧನೆಗಳಿಗೆ ಒಳಗಾಗಬೇಕೆಂದು ನನಗೆ ತೋರುತ್ತದೆ. ಮೊದಲನೆಯದಾಗಿ, ಹೆಸರಿಗೆ ಆಧಾರವಿರಬೇಕು. ಹಾರ್‌ವುಡ್ಡನ ಕಥೆಯಂತೆ ಆಮೇಲೆ ಕಟ್ಟಿದ್ದಾಗಿರಬಾರದು. ಎರಡನೆಯದಾಗಿ, ಅದು ಸ್ಥಳಕ್ಕೆ ಸೇರಿದ್ದಾಗಿರಬೇಕು. ಹಲಸೂರಿನಿಂದ ಕೃಷ್ಣರಾಜಪುರದವರೆಗಿನ ದಾರಿಯಲ್ಲಿಯೇ ದಂಡಿನ ಗಾಡಿಯವನಿಂದ ದೂರವಾಣಿನಗರದ ಕೆಲಸಗಾರ್ತಿಯವರೆಗೆ ಎರಡು ಶತಮಾನದ ದುಡಿಮೆಯು ಹರಡಿರುವಾಗ, ಥೇಮ್ಸ್ ನದಿಯ ಹೊರೆಯಾಳುಗಳನ್ನು ಮಾತ್ರವೇ ನೆನೆದು ಸುಮ್ಮನಾಗುವುದು ಸಲ್ಲದು. ಮೂರನೆಯದಾಗಿ, ಇಂದು ಆ ಬೀರನ್ನು ತಯಾರಿಸಿ, ತಂದಿಟ್ಟು, ಲೋಟ ತೊಳೆಯುವವರಿಗೆ ಸಲ್ಲತಕ್ಕ ಕೂಲಿಯು ಸಲ್ಲಬೇಕು. ಸತ್ತವರ ಹೆಸರನ್ನು ಗೌರವಿಸಿ ಬದುಕಿರುವವರ ಬಾಕಿಯನ್ನು ಉಳಿಸಿಕೊಳ್ಳುವುದು ಯಾವ ಚರಿತ್ರೆಗೂ ಒಪ್ಪತಕ್ಕದ್ದಲ್ಲ.

ಮೊದಲನೆಯ ನಿಬಂಧನೆಯು ಬ್ರೂವರಿಯವರಿಗಿಂತ ಹೆಚ್ಚಾಗಿ ನಮ್ಮನ್ನು, ಎಂದರೆ ವಿದ್ವಾಂಸರನ್ನೂ ಅಧ್ಯಾಪಕರನ್ನೂ ಕಟ್ಟುತ್ತದೆ. ಶಾಸನಗಳನ್ನು ಹುಡುಕಿ ಬೆಟ್ಟಗುಡ್ಡಗಳನ್ನು ಅಲೆದಂತೆ, ಕಾರ್ಖಾನೆಗಳ ಹಾಜರಿಪುಸ್ತಕಗಳನ್ನೂ, ಕಾರ್ಮಿಕ ಸಂಘಗಳ ಕರಪತ್ರಗಳನ್ನೂ, ೭೭ ದಿನಗಳನ್ನು ಕಂಡವರ ಮಾತುಗಳನ್ನೂ ಅವರು ಇರುವಾಗಲೇ ಸಂಗ್ರಹಿಸಬೇಕು. ಆ ಮುಷ್ಕರದಲ್ಲಿ ಇಪ್ಪತ್ತೈದು ವರ್ಷದವರಾಗಿದ್ದವರು ಈಗ ಎಪ್ಪತ್ತನ್ನು ದಾಟಿದ್ದಾರೆ; ಅವರ ಮಾತನ್ನು ಬರೆದುಕೊಳ್ಳಲು ಇನ್ನು ಬಹಳ ವರ್ಷಗಳು ಉಳಿದಿಲ್ಲ. ಚರ್ಚಿಲ್ಲನ ಹದಿಮೂರು ರೂಪಾಯಿಯ ಪುಟವು ಗಾಜಿನ ಹಿಂದೆ ಭದ್ರವಾಗಿದೆ. ಕೂಲಿಯವರಿಗೆ ಸಲ್ಲಬೇಕಾದ ಪುಟವನ್ನು ಬರೆಯತಕ್ಕ ಕೆಲಸವು ನಮ್ಮ ಪಾಲಿಗೆ ಉಳಿದಿರುತ್ತದೆ.